ಹೊತ್ತು ಕಳೆದಂತೆ ಗಾಢವಾದ ನೀಲಿ: ಸುಬ್ಬರಾವ್ ಅವರ ವಿದ್ಯಾರ್ಥಿ ವರ್ಷಗಳ ಒಂದು ಪ್ರಕರಣ ಅಧ್ಯಯನ

ಮೆಡಿಕಲ್ ಕಾಲೇಜಿನ ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ‘ಫಿಸ್ಕ್ ಮತ್ತು ಸುಬ್ಬರಾವ್ ವಿಧಾನ’ ಎಂಬ ಶೀರ್ಷಿಕೆಯನ್ನು ಬಹಳ ಮಂದಿ ಬರೆದಿರುತ್ತಾರೆ. ಸೀರಮ್‌ನಲ್ಲಿರುವ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿರುವ) ಫಾಸ್ಫರಸ್‌ನ ಪ್ರಮಾಣವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ ಅದು. ಪ್ರಕಟವಾದದ್ದು 1925ರಲ್ಲಿ, ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿಯ 66ನೇ ಸಂಪುಟದಲ್ಲಿ. ಸೈರಸ್ ಫಿಸ್ಕ್ ಹಾರ್ವರ್ಡ್ ಮೆಡಿಕಲ್ ಸ್ಕೂಲಿನ ಅಧ್ಯಾಪಕ. ಯಲ್ಲಾಪ್ರಗಡ ಸುಬ್ಬರಾವ್, ಫಿಸ್ಕ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ, ಪಿಎಚ್‌ಡಿ ಇನ್ನೂ ಕೈಗೆ ಬಂದಿರದ ವಿದ್ಯಾರ್ಥಿ. ಇದಾದ ಎರಡು ವರ್ಷಕ್ಕೆ ಅದೇ ವಿಧಾನದಲ್ಲಿ ಕಂಡ ಒಂದು ಸಣ್ಣ ಅಪಶ್ರುತಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು ತೋರಿಸಿತು. ಮತ್ತೆರಡು ವರ್ಷಕ್ಕೆ, ಜೀವಕೋಶಗಳ ಕೆಲಸಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಸಂಯುಕ್ತ ಸಿಕ್ಕಿತು.

ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ: ಅಳತೆಯ ವಿಧಾನವನ್ನು ಸರಿಪಡಿಸುವುದು ಪೂರ್ವತಯಾರಿ, ನಿಜವಾದ ಸಂಶೋಧನೆ ಶುರುವಾಗುವುದು ಅದಾದ ಮೇಲೆ ಎಂದು. ಈ ಪ್ರಕರಣವನ್ನು ಎತ್ತಿಕೊಂಡದ್ದೇ ಅದಕ್ಕಾಗಿ. ಇಲ್ಲಿ ವಿಧಾನವನ್ನು ಕಟ್ಟಿದ ಕೈಗಳಿಗೇ ಶೋಧವೂ ದಕ್ಕಿತು, ಏಕೆಂದರೆ ಬಣ್ಣ ಹೇಗೆ ಏರಬೇಕು ಎಂಬುದು ಆ ಕೈಗಳಿಗೆ ಗೊತ್ತಿತ್ತು.

ಬಂದ ದಾರಿ

ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ಭೀಮವರಂನಲ್ಲಿ. ಮೆಟ್ರಿಕ್ ಪಾಸಾದದ್ದು ಮೂರನೇ ಪ್ರಯತ್ನದಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟು ಬರುತ್ತಿದ್ದದ್ದು ಸರ್ಜರಿ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳಿ, ಮಾವನವರ ಮತ್ತು ಒಂದು ದತ್ತಿಯ ನೆರವಿನಿಂದ 1922ರಲ್ಲಿ ಬೋಸ್ಟನ್ ತಲುಪಿದರು. ಹಾರ್ವರ್ಡಿನಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾ ಓದುತ್ತ, ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡಿದರು. ರೋಗಿಗಳ ಬೆಡ್‌ಪ್ಯಾನ್ ತೊಳೆಯುವುದೂ ಅದರಲ್ಲಿ ಸೇರಿತ್ತು. ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1923ರಲ್ಲಿ. ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ಅವರ ಅಮೆರಿಕದ ಓದಿನ ವರ್ಷಗಳು ಬಹುಪಾಲು ಈ ಎರಡರ ನಡುವೆ ಬರುತ್ತವೆ.

ಡಿಪ್ಲೊಮಾ ಬಳಿಕ ಸೇರಿದ್ದು ಆಟೊ ಫೋಲಿನ್ ನಡೆಸುತ್ತಿದ್ದ ಬಯೋಕೆಮಿಸ್ಟ್ರಿ ವಿಭಾಗಕ್ಕೆ. ರಕ್ತದ ಸಕ್ಕರೆಯನ್ನು ಅಳೆಯುವ ಫೋಲಿನ್–ವೂ ವಿಧಾನ ಬಂದದ್ದು ಇಲ್ಲಿಂದಲೇ. ಒಂದೆರಡು ಮಿ.ಲೀ. ರಕ್ತದಿಂದ, ಬಣ್ಣವನ್ನು ಕಣ್ಣಿನಲ್ಲೇ ಹೋಲಿಸಿ ಪ್ರಮಾಣ ಹೇಳುವುದು ಆ ವಿಭಾಗದ ಕುಲವಿದ್ಯೆ. ಡ್ಯುಬಾಸ್ಕ್ ಕಲರಿಮೀಟರಿನಲ್ಲಿ ಒಂದು ಕಡೆ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ), ಇನ್ನೊಂದು ಕಡೆ ಸ್ಯಾಂಪಲ್ ಇಟ್ಟು, ಎರಡರ ಬಣ್ಣವೂ ಸಮನಾಗಿ ಕಾಣುವವರೆಗೆ ದ್ರವದ ಆಳವನ್ನು ಹೊಂದಿಸುತ್ತಿದ್ದರು. ಹೀಗೆ ಕಣ್ಣಿಟ್ಟು ನೋಡುವಾಗ ಬಣ್ಣ ಬದಲಾಗುತ್ತಿದ್ದರೆ ನೋಡುವವರಿಗೆ ಗೊತ್ತಾಗದೆ ಇರದು. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ವಿಧಾನ: ಏನು ಕೊರತೆಯಿತ್ತು, ಏನು ಬದಲಾಯಿತು

ಆಮ್ಲದಲ್ಲಿ ಫಾಸ್ಫೇಟಿಗೆ ಮಾಲಿಬ್ಡೇಟ್ ಬೆರೆಸಿದರೆ ಫಾಸ್ಫೋಮಾಲಿಬ್ಡೇಟ್ ಆಗುತ್ತದೆ. ಅದನ್ನು ಅಪಕರ್ಷಿಸಿದರೆ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಟ್ಟರೆ, ಗಾಢ ನೀಲಿ ಬರುತ್ತದೆ. ಇದು ಮೊದಲೇ ಗೊತ್ತಿತ್ತು. ಬೆಲ್ ಮತ್ತು ಡಾಯ್ಸಿ 1920ರಲ್ಲಿ ಹೈಡ್ರೋಕ್ವಿನೋನ್ ಬಳಸಿ ಕೊನೆಗೆ ದ್ರಾವಣವನ್ನು ಕ್ಷಾರವಾಗಿಸುತ್ತಿದ್ದರು. ಆ ನೀಲಿ ಬೇಗ ಮಾಸುತ್ತಿತ್ತು. ಬ್ರಿಗ್ಸ್ 1922ರಲ್ಲಿ ಆಮ್ಲದಲ್ಲೇ ಬಣ್ಣ ಬರಿಸಿದರು. ಬಣ್ಣ ನಿಂತಿತು, ಆದರೆ ಬರುವುದು ನಿಧಾನವಾಯಿತು. ಬೇಕಾಗಿದ್ದದ್ದು ಫಾಸ್ಫೇಟಿಗೆ ಅಂಟಿದ ಮಾಲಿಬ್ಡೇಟನ್ನು ಚುರುಕಾಗಿ ನೀಲಿಯಾಗಿಸಿ, ಅಂಟದೆ ಉಳಿದದ್ದನ್ನು ಮುಟ್ಟದಿರುವ ಒಂದು ಅಪಕರ್ಷಕ. ಫಿಸ್ಕ್ ಮತ್ತು ಸುಬ್ಬರಾವ್ ಆರಿಸಿದ್ದು 1,2,4-ಅಮೈನೊನಾಫ್ತಾಲ್ ಸಲ್ಫಾನಿಕ್ ಆಮ್ಲ. ಇಂದಿನ ಲ್ಯಾಬುಗಳಲ್ಲಿ ಇದಕ್ಕೆ ‘ಆನ್ಸಾ’ ಎನ್ನುತ್ತಾರೆ. ಶುದ್ಧ ಫಾಸ್ಫೇಟಾದರೆ ಐದು ನಿಮಿಷದಲ್ಲಿ ಓದಬಹುದು.

ಟೀಚಿಂಗ್ ಲ್ಯಾಬುಗಳಿಗೆ ಬಂದಿರುವ ರೂಪದಲ್ಲಿ ಕ್ರಮ ಹೀಗಿದೆ. 1 ಮಿ.ಲೀ. ಸೀರಮ್‌ಗೆ 9 ಮಿ.ಲೀ. 10% ಟ್ರೈಕ್ಲೋರೊ ಅಸಿಟಿಕ್ ಆಮ್ಲವನ್ನು ಅಲುಗಿಸುತ್ತ ಹಾಕಿ, ಕೆಲ ನಿಮಿಷ ಬಿಟ್ಟು ಸೋಸಿದರೆ ಪ್ರೋಟೀನ್ ಹೊರಗುಳಿಯುತ್ತದೆ. ತಿಳಿಯಾದ 5 ಮಿ.ಲೀ. ಸೋಸಿಕೆಗೆ 1 ಮಿ.ಲೀ. ಮಾಲಿಬ್ಡೇಟ್ ಹಾಕಿ ಕಲಸಿ, 0.4 ಮಿ.ಲೀ. ಆನ್ಸಾ ಹಾಕಿ ಮತ್ತೆ ಕಲಸಿ, ನೀರಿನಿಂದ 10 ಮಿ.ಲೀ.ಗೆ ತಂದು 660 ನ್ಯಾನೋಮೀಟರಿನಲ್ಲಿ ಓದುವುದು. ಸ್ಟ್ಯಾಂಡರ್ಡಿಗೆ 0.351 ಗ್ರಾಂ ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟನ್ನು 10 ಮಿ.ಲೀ. 10 ನಾರ್ಮಲ್ ಸಲ್ಫ್ಯೂರಿಕ್ ಆಮ್ಲದ ಜೊತೆ ಒಂದು ಲೀಟರಿಗೆ ಮಾಡಿಕೊಂಡರೆ 5 ಮಿ.ಲೀ.ನಲ್ಲಿ 0.4 ಮಿ.ಗ್ರಾಂ ಫಾಸ್ಫರಸ್ ಇರುತ್ತದೆ. ಇದರಲ್ಲಿ 5 ಮಿ.ಲೀ. ತೆಗೆದು 10% ಟ್ರೈಕ್ಲೋರೊ ಅಸಿಟಿಕ್ ಆಮ್ಲದಲ್ಲೇ 100 ಮಿ.ಲೀ. ಮಾಡಿಕೊಳ್ಳಬೇಕು, ಆಗ 5 ಮಿ.ಲೀ.ನಲ್ಲಿ 0.02 ಮಿ.ಗ್ರಾಂ. ಸ್ಯಾಂಪಲ್ ಮತ್ತು ಸ್ಟ್ಯಾಂಡರ್ಡ್ ಎರಡರಿಂದಲೂ ಬ್ಲ್ಯಾಂಕ್ (ಫಾಸ್ಫೇಟ್ ಇಲ್ಲದ ಟ್ಯೂಬಿನ ರೀಡಿಂಗ್) ಕಳೆದು, ಭಾಗಿಸಿ, 4ರಿಂದ ಗುಣಿಸಿದರೆ 100 ಮಿ.ಲೀ. ಸೀರಮ್‌ನಲ್ಲಿರುವ ಮಿ.ಗ್ರಾಂ ಸಿಗುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 2.5ರಿಂದ 4.5, ಬೆಳೆಯುವ ಮಕ್ಕಳಲ್ಲಿ ಇನ್ನೂ ಹೆಚ್ಚು.

ಮಾಲಿಬ್ಡೇಟ್ ದ್ರಾವಣ ಎರಡು ಬಗೆಯದು. 25 ಗ್ರಾಂ ಅಮೋನಿಯಂ ಮಾಲಿಬ್ಡೇಟನ್ನು 200 ಮಿ.ಲೀ. ನೀರಿನಲ್ಲಿ ಕರಗಿಸಿ, 500 ಮಿ.ಲೀ. 10 ನಾರ್ಮಲ್ ಸಲ್ಫ್ಯೂರಿಕ್ ಆಮ್ಲಕ್ಕೆ ಸುರಿದು ಲೀಟರ್ ಮಾಡಿದರೆ ಮೊದಲನೆಯದು. ಆಮ್ಲ 300 ಮಿ.ಲೀ. ಆದರೆ ಎರಡನೆಯದು. ಟ್ರೈಕ್ಲೋರೊ ಅಸಿಟಿಕ್ ಸೋಸಿಕೆಯಲ್ಲಿ ಆಮ್ಲ ಆಗಲೇ ಇರುವುದರಿಂದ ಅದಕ್ಕೆ ಎರಡನೆಯದೇ ಸರಿ. ಈ ಒಂದು ಭೇದವನ್ನು ಗಮನಿಸದೆ ಇಡೀ ಬ್ಯಾಚಿನ ರೀಡಿಂಗ್ ಕೆಡುವುದುಂಟು. ಆಮ್ಲ ಕಡಿಮೆಯಾದರೆ ಫಾಸ್ಫೇಟಿಗೆ ಅಂಟದ ಮಾಲಿಬ್ಡೇಟೂ ನೀಲಿಯಾಗಿ ಬ್ಲ್ಯಾಂಕೇ ಬಣ್ಣ ತಾಳುತ್ತದೆ. ಹೆಚ್ಚಾದರೆ ಬಣ್ಣ ತಡವಾಗಿ, ಮಂಕಾಗಿ ಬರುತ್ತದೆ.

ಆನ್ಸಾ ತಯಾರಿಸುವಾಗ ತಾಳ್ಮೆ ಬೇಕು. 195 ಮಿ.ಲೀ. 15% ಸೋಡಿಯಂ ಬೈಸಲ್ಫೈಟಿಗೆ 0.5 ಗ್ರಾಂ ಪುಡಿ, 5 ಮಿ.ಲೀ. 20% ಸೋಡಿಯಂ ಸಲ್ಫೈಟ್ ಹಾಕಿ ಕರಗುವ ತನಕ ಅಲುಗಿಸಬೇಕು. ಕರಗದಿದ್ದರೆ ಸಲ್ಫೈಟನ್ನು ಒಂದೊಂದೇ ಮಿ.ಲೀ. ಸೇರಿಸಬಹುದು, ಮೀರಬಾರದು. ಕಂದು ಬಾಟಲಿಯಲ್ಲಿ, ತಂಪಿನಲ್ಲಿ ಇಟ್ಟರೂ ಕೆಲವು ವಾರಗಳಲ್ಲಿ ಅದರ ಕಸುವು ಇಳಿಯುತ್ತದೆ. ಸ್ಟ್ಯಾಂಡರ್ಡಿನ ರೀಡಿಂಗ್ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಈ ಬಾಟಲಿಯನ್ನೇ.

ಉಳಿದ ತಪ್ಪುಗಳು ಲ್ಯಾಬಿನ ಬೆಂಚಿಗೆ ಬರುವ ಮೊದಲೇ ಆಗಿರುತ್ತವೆ. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇರಬಹುದು. ಅದರಲ್ಲಿ ತೊಳೆದ ಟ್ಯೂಬು ಸುಳ್ಳು ಹೇಳುತ್ತದೆ. ಈ ಕೆಲಸದ ಗಾಜಿನ ಸಾಮಾನನ್ನು ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿ, ಬೇರೆಯಾಗಿಯೇ ಇಡುವುದು ಒಳ್ಳೆಯದು. ರಕ್ತ ಹಿಮೊಲೈಸ್ ಆದರೆ, ಅಂದರೆ ಕೆಂಪು ಕಣಗಳು ಒಡೆದರೆ, ಅವುಗಳೊಳಗಿನ ಸಾವಯವ ಫಾಸ್ಫೇಟ್ ಹೊರಬಿದ್ದು, ಒಡೆದು, ಲೆಕ್ಕ ಏರಿಸುತ್ತದೆ. ಸೀರಮ್ ಬೇರ್ಪಡಿಸಲು ತಡವಾದರೂ ಇದೇ ಗತಿ. ಸಿಟ್ರೇಟ್, ಆಕ್ಸಲೇಟ್, ಇಡಿಟಿಎ ಹಾಕಿದ ಟ್ಯೂಬಿನ ರಕ್ತ ಇದಕ್ಕೆ ಬೇಡ. ಅವು ಮಾಲಿಬ್ಡೇಟಿನ ಕ್ರಿಯೆಗೆ ಅಡ್ಡ ಬರುತ್ತವೆ. ಊಟವಾದ ಮೇಲೆ ಗ್ಲೂಕೋಸ್ ಜೊತೆ ಫಾಸ್ಫೇಟೂ ಜೀವಕೋಶಗಳ ಒಳಗೆ ಹೋಗುವುದರಿಂದ ಬೆಳಗಿನ ಖಾಲಿ ಹೊಟ್ಟೆಯ ರಕ್ತವೇ ಸರಿ.

ಸ್ನಾಯುವಿನ ಸೋಸಿಕೆ ಮಾಡಿದ ತಕರಾರು

ರಕ್ತದಲ್ಲಿ ಚೆನ್ನಾಗಿ ನಡೆದ ವಿಧಾನ ಸ್ನಾಯುವಿನಲ್ಲಿ ಬೇರೆ ರೀತಿ ವರ್ತಿಸಿತು. ಪ್ರೋಟೀನ್ ತೆಗೆದ ಸ್ನಾಯುವಿನ ಸೋಸಿಕೆಗೆ ಮಾಲಿಬ್ಡೇಟ್ ಮತ್ತು ಆನ್ಸಾ ಹಾಕಿದರೆ ನೀಲಿ ಐದು ನಿಮಿಷಕ್ಕೆ ನಿಲ್ಲಲಿಲ್ಲ. ಸುಮಾರು ಅರ್ಧ ಗಂಟೆ ಏರುತ್ತಲೇ ಹೋಯಿತು.

ಬೆಂಚಿನ ಮುಂದೆ ನಿಂತ ವಿದ್ಯಾರ್ಥಿಗೆ ಇಲ್ಲಿ ಎರಡು ಸುಲಭದ ದಾರಿಗಳಿವೆ, ಎರಡೂ ತಪ್ಪು. ಒಂದು, ‘ಐದು ನಿಮಿಷಕ್ಕೆ ಓದು’ ಎಂದು ಪ್ರೊಟೊಕಾಲ್ ಹೇಳಿದೆ, ಹಾಗಾಗಿ ಓದಿ ಮುಗಿಸುವುದು. ಇನ್ನೊಂದು, ಬಣ್ಣ ನಿಲ್ಲುವ ತನಕ ಕಾದು, ಆ ಕೊನೆಯ ಅಂಕಿಯನ್ನೇ ‘ಅಜೈವಿಕ ಫಾಸ್ಫೇಟ್’ (ಯಾವ ಸಾವಯವ ವಸ್ತುವಿಗೂ ಅಂಟದ ಮುಕ್ತ ಫಾಸ್ಫೇಟ್) ಎಂದು ಬರೆಯುವುದು. ಎರಡನೆಯದು ಹೆಚ್ಚು ಶ್ರದ್ಧೆಯ ಕೆಲಸವೆಂದು ಕಾಣುವುದರಿಂದ ಹೆಚ್ಚು ಮೋಸಗೊಳಿಸುತ್ತದೆ.

ಬಣ್ಣ ತಡವಾಗಲು ಎರಡು ಕಾರಣ ಇರಬಹುದು. ಸೋಸಿಕೆಯಲ್ಲಿರುವ ಯಾವುದೋ ವಸ್ತು ಕ್ರಿಯೆಯನ್ನೇ ನಿಧಾನಿಸುತ್ತಿರಬಹುದು. ಇಲ್ಲವೇ ಫಾಸ್ಫೇಟ್ ಆರಂಭದಲ್ಲಿ ಮುಕ್ತವಾಗಿರದೆ, ಟ್ಯೂಬಿನ ಆಮ್ಲದಲ್ಲಿ ಒಂದು ದುರ್ಬಲ ಸಂಯುಕ್ತ ಒಡೆದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಿರಬಹುದು. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸರಳ: ಅದೇ ಸೋಸಿಕೆಗೆ ಗೊತ್ತಿರುವಷ್ಟು ಶುದ್ಧ ಫಾಸ್ಫೇಟ್ ಸೇರಿಸಿ ನೋಡಬೇಕು. ಸೇರಿಸಿದ ಪಾಲಿನ ಬಣ್ಣವೂ ತಡವಾದರೆ ಅಡ್ಡಿ ಇದೆ ಎಂದರ್ಥ. ಅದು ಐದೇ ನಿಮಿಷದಲ್ಲಿ ಪೂರ್ತಿ ಬಂದು, ಉಳಿದದ್ದು ಮಾತ್ರ ನಿಧಾನವಾಗಿ ಏರಿದರೆ ಒಡೆಯುವ ವಸ್ತುವೊಂದಿದೆ ಎಂದರ್ಥ.

ನಿಜವಾದ ಉತ್ತರ ಎರಡನೆಯದು. 1927ರ ಏಪ್ರಿಲ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಕಿರು ಲೇಖನದಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ ಹೇಳಿದ್ದು ಇದನ್ನೇ: ಸ್ನಾಯುವಿನ ‘ಅಜೈವಿಕ ಫಾಸ್ಫೇಟ್’ ಎಂದು ಅದುವರೆಗೆ ಬರೆದುಕೊಂಡು ಬಂದದ್ದರಲ್ಲಿ ದೊಡ್ಡ ಪಾಲು ಅಜೈವಿಕವೇ ಅಲ್ಲ, ಅದು ಕ್ರಿಯಾಟಿನ್ ಮತ್ತು ಫಾಸ್ಫಾರಿಕ್ ಆಮ್ಲ ಒಂದಕ್ಕೊಂದರಂತೆ ಸೇರಿದ ಸಂಯುಕ್ತ. ಸ್ನಾಯುವನ್ನು ವಿದ್ಯುತ್ತಿನಿಂದ ಕೆಲಸಕ್ಕೆ ಹಚ್ಚಿದರೆ ಅದು ಒಡೆಯುತ್ತದೆ, ವಿಶ್ರಾಂತಿ ಕೊಟ್ಟರೆ ಮತ್ತೆ ಕೂಡುತ್ತದೆ. ಇದೇ ಫಾಸ್ಫೋಕ್ರಿಯಾಟಿನ್. ಇದು ಕ್ಷಾರದಲ್ಲಿ ನಿಲ್ಲುತ್ತದೆ, ಆಮ್ಲದಲ್ಲಿ ಒಡೆಯುತ್ತದೆ, ಮಾಲಿಬ್ಡೇಟ್ ಇದ್ದರೆ ಇನ್ನೂ ಬೇಗ ಒಡೆಯುತ್ತದೆ. ಅಂದರೆ ಅಳೆಯಲು ಹಾಕಿದ ವಸ್ತುವೇ ಅಳತೆಯ ವಸ್ತುವನ್ನು ಮುರಿಯುತ್ತಿತ್ತು.

ಇಂಥ ಸಂದರ್ಭದಲ್ಲಿ ಲೆಕ್ಕ ಬಿಡಿಸುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ರೀಡಿಂಗ್‌ಗಳು 3ನೇ ನಿಮಿಷಕ್ಕೆ 0.22, 5ಕ್ಕೆ 0.28, 10ಕ್ಕೆ 0.38, ಅರ್ಧ ಗಂಟೆಗೆ 0.49, ಕೊನೆಗೆ 0.50ರಲ್ಲಿ ನಿಂತವು ಎನ್ನೋಣ. ಕೊನೆಯ 0.50ರಿಂದ ಒಂದೊಂದನ್ನೂ ಕಳೆದರೆ ಇನ್ನೂ ಒಡೆಯದೆ ಉಳಿದ ಪಾಲು ಸಿಗುತ್ತದೆ: 0.28, 0.22, 0.12, 0.01. ಇವುಗಳ ಲಾಗರಿದಮ್ ತೆಗೆದು ಸಮಯದ ಎದುರು ಗುರುತಿಸಿದರೆ ಸರಳರೇಖೆ ಬರುತ್ತದೆ. ಅದನ್ನು ಸೊನ್ನೆ ನಿಮಿಷಕ್ಕೆ ಹಿಂದೆ ಎಳೆದರೆ ಸುಮಾರು 0.40. ಆದ್ದರಿಂದ ಆರಂಭದಲ್ಲಿ ಮುಕ್ತವಾಗಿದ್ದ ಫಾಸ್ಫೇಟಿನ ಪಾಲು ಬರೀ 0.10. ಐದು ನಿಮಿಷಕ್ಕೆ ಓದಿ ಮುಗಿಸಿದವರು ಅದರ ಸುಮಾರು ಮೂರು ಪಟ್ಟು ಬರೆಯುತ್ತಿದ್ದರು, ಕೊನೆಯ ತನಕ ಕಾದವರು ಐದು ಪಟ್ಟು. ಶುದ್ಧ ಫಾಸ್ಫೇಟಿನ ಬಣ್ಣಕ್ಕೂ ಮೊದಲ ಕೆಲವು ನಿಮಿಷ ಬೇಕಾಗುವುದರಿಂದ, ಪ್ರತಿ ಸ್ಯಾಂಪಲ್ ರೀಡಿಂಗನ್ನೂ ಅದೇ ನಿಮಿಷದ ಸ್ಟ್ಯಾಂಡರ್ಡಿಗೇ ಹೋಲಿಸಬೇಕು.

ಸ್ನಾಯು ತೆಗೆಯುವಲ್ಲಿನ ಎಚ್ಚರ ಇದಕ್ಕಿಂತಲೂ ಮುಖ್ಯ. ಕತ್ತರಿಸಿದ ಪೆಟ್ಟಿಗೇ ಸ್ನಾಯು ಸಂಕುಚಿಸುತ್ತದೆ, ಆಗಲೇ ಫಾಸ್ಫೋಕ್ರಿಯಾಟಿನ್ ಖರ್ಚಾಗತೊಡಗುತ್ತದೆ. ತಣ್ಣಗಿನ ಆಮ್ಲ ತಡಮಾಡದೆ ಸಿದ್ಧವಿರಬೇಕು, ಅರೆಯುವುದು ಮಂಜಿನ ಮೇಲೇ ಆಗಬೇಕು, ಸೋಸಿಕೆಯನ್ನು ಕೂಡಲೇ ತಟಸ್ಥಗೊಳಿಸಬೇಕು. ಇಲ್ಲವಾದರೆ ಅಳೆದದ್ದು ವಿಶ್ರಾಂತಿಯ ಸ್ನಾಯುವನ್ನಲ್ಲ, ದಣಿದ ಸ್ನಾಯುವನ್ನು. ಫಾಸ್ಫೋಕ್ರಿಯಾಟಿನ್ ಅಷ್ಟು ವರ್ಷ ಕಣ್ಣಿಗೆ ಬೀಳದಿರಲು ಈ ತಡವೂ ಕಾರಣ.

ಅದೇ ವರ್ಷ, ಲಂಡನ್ನಿನಲ್ಲೂ

ಫಿಲಿಪ್ ಮತ್ತು ಗ್ರೇಸ್ ಎಗಲ್‌ಟನ್ ದಂಪತಿ 1927ರಲ್ಲೇ ಲಂಡನ್ನಿನಲ್ಲಿ, ಬ್ರಿಗ್ಸ್ ವಿಧಾನದಿಂದ, ಇದೇ ದುರ್ಬಲ ಫಾಸ್ಫೇಟನ್ನು ಸ್ವತಂತ್ರವಾಗಿ ಕಂಡರು. ಅವರು ಅದನ್ನು ‘ಫಾಸ್ಫಾಜೆನ್’ ಎಂದು ಕರೆದರು. ಕ್ರಿಯಾಟಿನ್ ಅದರ ಜೊತೆಗಾರ ಎಂಬುದನ್ನು ಬಿಡಿಸಿ ಹೇಳಿದ್ದು ಹಾರ್ವರ್ಡಿನವರು. ಎರಡು ಕಡೆಯ ಕೆಲಸವೂ ಗೌರವಕ್ಕೆ ಅರ್ಹ. ಒಂದು ಸತ್ಯ ಎರಡು ಬೇರೆ ಬೇರೆ ಬಣ್ಣದ ವಿಧಾನಗಳಲ್ಲಿ ಸಿಕ್ಕಿತು ಎಂಬುದೇ ಅದಕ್ಕೆ ಬಲವಾದ ಸಾಕ್ಷಿ.

ಈ ಫಲಿತಾಂಶ ಎಷ್ಟು ದೊಡ್ಡದನ್ನು ಅಲುಗಿಸಿತು ಎಂಬುದನ್ನು ನೆನೆಯಬೇಕು. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಕುರಿತ ಕೆಲಸಕ್ಕೆ ಎ. ವಿ. ಹಿಲ್ ಮತ್ತು ಆಟೊ ಮೇಯರ್‌ಹಾಫ್ 1922ರ ನೊಬೆಲ್ ಪಡೆದಿದ್ದರು. ಲ್ಯಾಕ್ಟಿಕ್ ಆಮ್ಲವೇ ಸಂಕೋಚನಕ್ಕೆ ಮೂಲ ಎಂಬುದು ಆಗಿನ ಒಪ್ಪಿತ ಮಾತು. 1930ರಲ್ಲಿ ಕೋಪನ್‌ಹೇಗನ್ನಿನ ಐನಾರ್ ಲುಂಡ್ಸ್‌ಗಾರ್ಡ್, ಅಯೊಡೊಅಸಿಟಿಕ್ ಆಮ್ಲ ಕೊಟ್ಟ ಸ್ನಾಯು ಲ್ಯಾಕ್ಟಿಕ್ ಆಮ್ಲ ಮಾಡದೆಯೂ ಸಂಕುಚಿಸುತ್ತದೆ, ಖರ್ಚಾಗುವುದು ಫಾಸ್ಫೋಕ್ರಿಯಾಟಿನ್ ಎಂದು ತೋರಿಸಿದರು. ಹಳೆಯ ಸಿದ್ಧಾಂತ ಅಲ್ಲಿಗೆ ನಿಂತಿತು.

ಎಟಿಪಿಯ ವಿಷಯದಲ್ಲಿ ದಿನಗಳ ಲೆಕ್ಕ ಬಂತು. ಮೇಯರ್‌ಹಾಫ್ ಪ್ರಯೋಗಾಲಯದ ಕಾರ್ಲ್ ಲೋಮನ್ ಬರೆದ ಲೇಖನ 1929ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ಅಚ್ಚಾಯಿತು. ಫಿಸ್ಕ್ ಮತ್ತು ಸುಬ್ಬರಾವ್ ಬರೆದದ್ದು ಅಕ್ಟೋಬರ್‌ನಲ್ಲಿ ಸೈನ್ಸ್‌ನಲ್ಲಿ. ಇಬ್ಬರೂ ಸ್ವತಂತ್ರವಾಗಿ ಕಂಡರು ಎಂಬುದರಲ್ಲಿ ಅನುಮಾನವಿಲ್ಲ. ಪಠ್ಯಪುಸ್ತಕಗಳು ಮಾತ್ರ ಹೆಚ್ಚಾಗಿ ಒಬ್ಬರ ಹೆಸರನ್ನೇ ಉಳಿಸಿಕೊಂಡಿವೆ. ಅದೇ 1929ರಲ್ಲಿ ಫಾಸ್ಫೋಕ್ರಿಯಾಟಿನ್ ಬಗ್ಗೆ ಐವತ್ತೊಂದು ಪುಟಗಳ ಪೂರ್ಣ ಲೇಖನವೂ ಬಂತು. ಕಿರು ಪ್ರಕಟಣೆಗೂ ಪೂರ್ಣ ವಿವರಕ್ಕೂ ನಡುವೆ ಎರಡು ವರ್ಷ. ಶೋಧವನ್ನು ಚುಟುಕಾಗಿ ಮೊದಲು ದಾಖಲಿಸಿ, ಸಾಕ್ಷ್ಯವನ್ನು ನಿಧಾನವಾಗಿ ಕಟ್ಟಿದ ಈ ಕ್ರಮ ಇಂದಿನ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಮಾದರಿಯಾಗಬಲ್ಲದು.

ಪದವಿ, ಹೆಸರು, ಪಾಲು

ಪಿಎಚ್‌ಡಿ ಸಿಕ್ಕಿದ್ದು 1930ರಲ್ಲಿ. ಆ ವೇಳೆಗೆ ಮೂರು ದೊಡ್ಡ ಕೆಲಸಗಳು ಆಗಿಹೋಗಿದ್ದವು. ಆದರೂ ಹಾರ್ವರ್ಡಿನಲ್ಲಿ ಸ್ಥಿರವಾದ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಎಂಬ ಔಷಧ ಕಂಪನಿಯ ಪ್ರಯೋಗಾಲಯಕ್ಕೆ ಹೊರಟರು. ಫಿಸ್ಕ್ ಅವರ ಬಳಿಯೇ ಪಿಎಚ್‌ಡಿ ಮಾಡಿ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್, ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡುಗಳು ಬೆಳಕಿಗೆ ಬಾರದೆ ಉಳಿದು, ವರ್ಷಗಳ ನಂತರ ಬೇರೆಯವರಿಂದ ಮತ್ತೊಮ್ಮೆ ಶೋಧವಾಗಬೇಕಾಯಿತು ಎಂದು ಹೇಳಿದ್ದಾರೆ. ಅದಕ್ಕೆ ಫಿಸ್ಕ್ ಅವರ ಅಸೂಯೆಯೇ ಕಾರಣವಿದ್ದಂತಿದೆ ಎಂಬುದು ಅವರ ಅಭಿಪ್ರಾಯ. ಇಬ್ಬರೇ ದುಡಿದ ಕೋಣೆಯಲ್ಲಿ ಯಾರ ಪಾಲು ಎಷ್ಟು ಎಂದು ನೂರು ವರ್ಷದ ನಂತರ ಹೊರಗಿನಿಂದ ತೂಗುವುದು ಸಾಧುವಲ್ಲ. ಅಚ್ಚಾದದ್ದಕ್ಕೆ ಮಾತ್ರ ಹೆಸರು ಅಂಟುತ್ತದೆ ಎಂಬುದು ಸ್ಪಷ್ಟ. ವಿದ್ಯಾರ್ಥಿ ಸುಬ್ಬರಾವ್ ಹೆಸರು ಉಳಿದದ್ದಕ್ಕೆ ಮುಖ್ಯ ಕಾರಣ ಆ 1925ರ ವಿಧಾನ: ಪ್ರತಿದಿನ ಬಳಸುವವರು ಪ್ರತಿದಿನ ಆ ಹೆಸರನ್ನು ಬರೆಯಲೇಬೇಕಾಯಿತು.

ಗೈಡ್ ಜೊತೆ ಕೆಲಸ ಮಾಡುವವರು ಇಲ್ಲಿಂದ ಎತ್ತಿಕೊಳ್ಳಬಹುದಾದ ಅಭ್ಯಾಸಗಳು ಕೆಲವಿವೆ. ನೋಟ್‌ಬುಕ್ಕಿನ ಪುಟಕ್ಕೆ ಸಂಖ್ಯೆ, ದಿನಾಂಕ ಇರಲಿ. ಎಣಿಕೆಗೆ ಹೊಂದದ ರೀಡಿಂಗನ್ನೂ ಒರೆಸದೆ, ಪಕ್ಕದಲ್ಲಿ ಸಮಯ ಹಾಕಿ ಬಿಡಬೇಕು. ಲೇಖಕರ ಕ್ರಮದ ಮಾತನ್ನು ಪ್ರಯೋಗ ಮುಗಿದ ಮೇಲೆ ಅಲ್ಲ, ಶುರುವಿನಲ್ಲೇ ಆಡಬೇಕು.

ಲೆಡರ್ಲೆಯಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಸಂಶ್ಲೇಷಿಸಿತು. ಅದರ ವಿರೋಧಿಯಾದ ಅಮೈನಾಪ್ಟೆರಿನ್‌ನಿಂದ ಸಿಡ್ನಿ ಫಾರ್ಬರ್ ಬೋಸ್ಟನ್ನಿನಲ್ಲಿ ಮಕ್ಕಳ ಲ್ಯುಕೇಮಿಯಾಕ್ಕೆ ತಾತ್ಕಾಲಿಕ ಉಪಶಮನ ತಂದ ವರದಿ 1948ರದು. ಆನೆಕಾಲು ರೋಗದ ಡೈಈಥೈಲ್ ಕಾರ್ಬಮಜೀನ್ 1947ರಲ್ಲಿ ಅದೇ ಪ್ರಯೋಗಾಲಯದಿಂದ ಬಂತು. ಕಲಬುರಗಿ, ಬೀದರ್, ಯಾದಗಿರಿ ಕಡೆ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ನುಂಗಿಸುವ ಡಿಇಸಿ ಮಾತ್ರೆ ಅದೇ. ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಬೆಂಚಿನ ಮೇಲೆ

ಆಸ್ಪತ್ರೆಯ ಆಟೊ ಅನಲೈಸರ್ ಇಂದು ಆನ್ಸಾ ಬಳಸುವುದಿಲ್ಲ. ಅಪಕರ್ಷಿಸದ ಫಾಸ್ಫೋಮಾಲಿಬ್ಡೇಟನ್ನೇ 340 ನ್ಯಾನೋಮೀಟರಿನಲ್ಲಿ ಓದುತ್ತದೆ. ಸಂಶೋಧನಾ ಲ್ಯಾಬುಗಳಲ್ಲಿ ಮಾತ್ರ ಹಳೆಯ ದ್ರಾವಣ ಬದುಕಿದೆ. ಲೈಪೊಸೋಮ್ (ಫಾಸ್ಫೋಲಿಪಿಡ್ ಎಂಬ ಫಾಸ್ಫೇಟುಳ್ಳ ಕೊಬ್ಬಿನ ಸೂಕ್ಷ್ಮ ಗುಳ್ಳೆ) ಮಾಡುವವರು ಫಾಸ್ಫೋಲಿಪಿಡ್ ಅಳೆಯಲು ಬಳಸುವ 1959ರ ಬಾರ್ಟ್‌ಲೆಟ್ ವಿಧಾನದಲ್ಲಿ ಸ್ಯಾಂಪಲನ್ನು ಆಮ್ಲದಲ್ಲಿ ಸುಟ್ಟು, ಮಾಲಿಬ್ಡೇಟ್ ಮತ್ತು ಫಿಸ್ಕ್–ಸುಬ್ಬರಾವ್ ದ್ರಾವಣ ಹಾಕಿ, ಕುದಿಯುವ ನೀರಿನಲ್ಲಿ 7 ನಿಮಿಷ ಇಟ್ಟು, 830 ನ್ಯಾನೋಮೀಟರಿನಲ್ಲಿ ಓದುತ್ತಾರೆ.

ಹಳೆಯ ತೊಡಕೂ ಬದುಕಿದೆ. ಎಟಿಪಿಯನ್ನು ಒಡೆಯುವ ಎಟಿಪೇಸ್ ಕಿಣ್ವದ ಮೇಲೆ ಕೆಲಸ ಮಾಡುವ ವಿದ್ಯಾರ್ಥಿ ಹೊರಬಿದ್ದ ಫಾಸ್ಫೇಟನ್ನು ಮಾಲಿಬ್ಡೇಟಿನಿಂದ ಅಳೆಯುವಾಗ, ಉಳಿದ ಎಟಿಪಿ ಅದೇ ಆಮ್ಲದಲ್ಲಿ ನಿಧಾನವಾಗಿ ಒಡೆಯುತ್ತಿರುತ್ತದೆ. ಮೊದಲ ಟ್ಯೂಬಿಗೂ ಇಪ್ಪತ್ತನಾಲ್ಕನೆಯದಕ್ಕೂ ಓದುವ ಹೊತ್ತಿಗೆ ಹತ್ತು ನಿಮಿಷ ವ್ಯತ್ಯಾಸವಾದರೆ, ಕಿಣ್ವದ ಚಟುವಟಿಕೆ ಹೆಚ್ಚಿದಂತೆ ಕಾಣುವುದು ಬರೀ ತಡದ ಫಲ. ಇದಕ್ಕೆ ಕಿಣ್ವ ಹಾಕದೆ ಎಟಿಪಿ ಮಾತ್ರ ಹಾಕಿದ ಬ್ಲ್ಯಾಂಕ್ ಬೇಕು. ದ್ರಾವಣ ಹಾಕುವುದನ್ನು 30 ಸೆಕೆಂಡ್ ಅಂತರದಲ್ಲಿ ಮಾಡಿ, ಓದುವುದನ್ನೂ ಅದೇ ಅಂತರದಲ್ಲಿ ಮಾಡಬೇಕು. ಫಾಸ್ಫೋಕ್ರಿಯಾಟಿನ್‌ನಂಥ ತೀರಾ ದುರ್ಬಲ ಸಂಯುಕ್ತ ಇದ್ದರೆ ಫಿಸ್ಕ್–ಸುಬ್ಬರಾವ್ ವಿಧಾನವನ್ನೇ ಬಿಟ್ಟು, ಪಿಎಚ್ 4ರ ಸುಮಾರಿನಲ್ಲಿ ಆಸ್ಕಾರ್ಬಿಕ್ ಆಮ್ಲದಿಂದ ಬಣ್ಣ ಬರಿಸುವ 1946ರ ಲೌರಿ–ಲೋಪೆಜ್ ವಿಧಾನಕ್ಕೆ ಹೋಗುವುದು ಸರಿ. ಇಂಥ ಸಂಯುಕ್ತಗಳ ನಡುವೆ ಮುಕ್ತ ಫಾಸ್ಫೇಟನ್ನು ಅಳೆಯಲೆಂದೇ ಅದು ರೂಪುಗೊಂಡಿದೆ.